ಹೊಸ ಮನೆಯಲ್ಲಿ ಹಳೆಯ ಬೆಕ್ಕು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)



ಮಹಾನಗರದ ಬಾಡಿಗೆದಾರರ ಪಂಚಾಂಗದಲ್ಲಿ ವರ್ಷಕ್ಕೆ 11 ತಿಂಗಳು. ಹೌದೋ ಅಲ್ಲವೋ ನೀವೇ ಹೇಳಿ! ಮುಂಬಯಿ, ಪುಣೆಗಳಲ್ಲಿ ಮನೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಹತ್ತನೆಯ ತಿಂಗಳು ಮುಗಿಯುತ್ತಾ ಬಂದಂತೆ ಮಾಲೀಕರ ಫೋನು ಬರುತ್ತದೆ. ಬಾಡಿಗೆ ಏರಿಸುವ ಮಾತು ಬರುತ್ತದೆ. ನಾವು ಡೊಂಬಿವಲಿಯಿಂದ ಮುಲುಂಡಿಗೋ, ಮುಲುಂಡಿನಿಂದ ಠಾಣೆಗೋ ಗಂಟುಮೂಟೆ ಕಟ್ಟುತ್ತೇವೆ. ರಟ್ಟಿನ ಪೆಟ್ಟಿಗೆ ಕೂಡಿಸುತ್ತೇವೆ, ಟೆಂಪೋ ಗೊತ್ತುಮಾಡುತ್ತೇವೆ, ಗ್ಯಾಸಿನವರಿಗೆ ಅರ್ಜಿ ಹಾಕುತ್ತೇವೆ, ಶಾಲೆಯ ಬಸ್ಸಿನವರಿಗೆ ಹೊಸ ವಿಳಾಸ ಕೊಡುತ್ತೇವೆ. ತುಳಸಿ ಕುಂಡ ಯಾರ ತೊಡೆಯ ಮೇಲೆ ಬರಬೇಕು ಎಂಬುದೂ ತೀರ್ಮಾನವಾಗಿರುತ್ತದೆ. ಈ ಗಡಿಬಿಡಿಯನ್ನೆಲ್ಲ ಕಪಾಟಿನ ಮೇಲೆ ಕುಳಿತು ಒಬ್ಬರು ನೋಡುತ್ತಿರುತ್ತಾರೆ. ಅವರ ಹೆಸರು ಮಾತ್ರ ನಮ್ಮ ಯಾದಿಯಲ್ಲಿ ಇರುವುದಿಲ್ಲ. ಅವರೇ ನಮ್ಮ ಮನೆಯ ಬೆಕ್ಕು.

ಬೆಕ್ಕನ್ನು ಏನು ಮಾಡುವುದು ಎಂದು ಕೊನೆಯ ಗಳಿಗೆಯಲ್ಲಿ ಯಾರಾದರೂ ಕೇಳಿದರೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. "ನಾಯಿ ಮನುಷ್ಯರನ್ನು ಹಚ್ಚಿಕೊಳ್ಳುತ್ತೆ, ಬೆಕ್ಕು ಮನೆಯನ್ನು ಹಚ್ಚಿಕೊಳ್ಳುತ್ತೆ. ಅದು ಇಲ್ಲೇ ಇರಲಿ ಬಿಡಿ, ವಾಚ್‌ಮನ್‌ಗೆ ಹೇಳಿದರಾಯಿತು." ಹೀಗೆ ಬಿಟ್ಟುಹೋದ ಬೆಕ್ಕನ್ನು ನೀವೂ ನೋಡಿರಬಹುದು. ಮುಚ್ಚಿದ ಬಾಗಿಲ ಮುಂದೆ ಕುಳಿತು ಕೂಗುತ್ತದೆ. ಹೊಸದಾಗಿ ಬಂದ ಬಾಡಿಗೆದಾರರು ಅಟ್ಟುತ್ತಾರೆ. ಕೆಳಗಿಳಿದರೆ ಬೀದಿಯಲ್ಲೇ ಹುಟ್ಟಿ ಬೆಳೆದ ಗಂಡುಬೆಕ್ಕುಗಳು ತಮ್ಮ ಗಡಿಯೊಳಗೆ ಬಿಡುವುದಿಲ್ಲ. ತಟ್ಟೆಯಲ್ಲಿ ಹಾಕಿದ್ದನ್ನು ತಿಂದು ಬೆಳೆದದ್ದಕ್ಕೆ ಮೀನು ಮಾರುಕಟ್ಟೆಯ ಹಿತ್ತಲು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರುವುದಿಲ್ಲ. ಕೆಲವೇ ವಾರಗಳಲ್ಲಿ ಅದರ ಪಕ್ಕೆಲುಬು ಎಣಿಸಬಹುದು.

ಹಾಗಾದರೆ ಆ ಹಳೆಯ ಮಾತು ಸುಳ್ಳೇ? ಅರ್ಧ ನಿಜ, ಅರ್ಧ ಸುಳ್ಳು. ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ಬೆಕ್ಕಿನ ಮರಿಯನ್ನು ಅಪರಿಚಿತ ಕೋಣೆಗೆ ತಂದು, ಸಾಕಿದವರ ಜೊತೆ ಎರಡು ನಿಮಿಷ ಬಿಟ್ಟರು. ಎರಡು ನಿಮಿಷ ಒಂಟಿಯಾಗಿ ಇರಿಸಿದರು. ಮತ್ತೆ ಸಾಕಿದವರು ಒಳಗೆ ಬಂದಾಗ ಅದು ಏನು ಮಾಡುತ್ತದೆ ಎಂದು ನೋಡಿದರು. ಪುಟ್ಟ ಮಕ್ಕಳಿಗೆ ತಾಯಿಯ ಮೇಲಿನ ನೆಚ್ಚಿಗೆ ಅಳೆಯಲು ಮಾಡುವ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ. ನೂರಕ್ಕೆ ಸುಮಾರು 64 ಮರಿಗಳು ಸಾಕಿದವರು ಬಂದೊಡನೆ ನಿರಾಳವಾಗಿ, ಧೈರ್ಯದಿಂದ ಕೋಣೆ ಸುತ್ತತೊಡಗಿದವು. ಬೆಳೆದ ಬೆಕ್ಕುಗಳಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಎಂದರೆ ಬೆಕ್ಕು ನಮ್ಮನ್ನೂ ಹಚ್ಚಿಕೊಳ್ಳುತ್ತದೆ. ಬಾಲ ಅಲ್ಲಾಡಿಸಿ ಊರಿಗೆಲ್ಲ ಸಾರುವುದಿಲ್ಲ, ಅಷ್ಟೆ.

ಊರಿನಲ್ಲಿ ನಮ್ಮ ಅಜ್ಜಿಯರು ಆ ಮಾತು ಹೇಳಿದ್ದಕ್ಕೂ ಕಾರಣವಿತ್ತು. ಅಲ್ಲಿ ಮನೆ ನೂರು ವರ್ಷವಾದರೂ ಕದಲುತ್ತಿರಲಿಲ್ಲ. ಅಟ್ಟ, ಕೊಟ್ಟಿಗೆ, ಹುಲ್ಲಿನ ಬಣವೆ, ಕಣಜದ ಸುತ್ತ ಇಲಿಗಳು, ಎಲ್ಲ ಬೆಕ್ಕಿನ ಸಾಮ್ರಾಜ್ಯವೇ. "ಬೆಕ್ಕಿನ ಬಿಡಾರ ಬೇರೆ" ಎಂಬ ಗಾದೆ ಅಂಥ ಮನೆಗೆ ಸರಿ. ನಮ್ಮ 500 ಚದರಡಿಯ ಫ್ಲ್ಯಾಟಿನಲ್ಲಿ ಬೆಕ್ಕಿಗೆ ಬೇರೆ ಬಿಡಾರ ಎಲ್ಲಿಂದ ಬರಬೇಕು? ನಮ್ಮದೇ ಅದರದು. ಇನ್ನೊಂದು ಮಾತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಹೋಗುವುದು ಅಪರಾಧ. ಬೆಕ್ಕಿಗೂ ಇದು ಅನ್ವಯಿಸುತ್ತದೆ.

ಆದ್ದರಿಂದ ಬೆಕ್ಕನ್ನು ಜೊತೆಗೇ ಕರೆದೊಯ್ಯೋಣ ಎಂದಿಟ್ಟುಕೊಳ್ಳಿ. ಆಗ ಎದುರಾಗುವುದು ಮಾತಿನ ನಿಜವಾದ ಅರ್ಧ. ಬೆಕ್ಕಿಗೆ ಮನೆ ಬದಲಾವಣೆ ಬಹಳ ಕಷ್ಟ. ಅಂಜುಬುರುಕ ಬೆಕ್ಕಿಗಂತೂ ಆಕಾಶವೇ ಕಳಚಿ ಬಿದ್ದ ಹಾಗೆ.

ಯಾಕೆ? ನಮಗೆ ಮನೆ ಎಂದರೆ ಗೋಡೆ, ಬಾಗಿಲು, ಸಾಮಾನು. ಬೆಕ್ಕಿಗೆ ಮನೆ ಎಂದರೆ ವಾಸನೆ. ಅದರ ಕೆನ್ನೆ, ಗದ್ದ, ಹಣೆ, ಪಾದಗಳಲ್ಲಿ ಸಣ್ಣ ಗ್ರಂಥಿಗಳಿವೆ. ಅದು ಮೇಜಿನ ಕಾಲಿಗೆ, ಬಾಗಿಲ ಚೌಕಟ್ಟಿಗೆ, ನಿಮ್ಮ ಕಾಲಿಗೆ ಮುಖ ಉಜ್ಜುತ್ತದಲ್ಲ, ಆಗೆಲ್ಲ "ಇದು ಪರಿಚಯದ್ದು, ಇಲ್ಲಿ ಭಯವಿಲ್ಲ" ಎಂಬ ಗುರುತು ಹಚ್ಚುತ್ತಿರುತ್ತದೆ. ಆ ಗುರುತು ನಮ್ಮ ಮೂಗಿಗೆ ಹತ್ತುವುದಿಲ್ಲ. ಹೊಸ ಮನೆಗೆ ಬಂದಾಗ ಈ ಗುರುತುಗಳು ಒಂದೂ ಇರುವುದಿಲ್ಲ. ಬದಲಿಗೆ ಹೊಸ ಬಣ್ಣದ ವಾಸನೆ, ಹಿಂದೆ ಇದ್ದವರ ವಾಸನೆ, ಬಹುಶಃ ಅವರ ನಾಯಿಯ ವಾಸನೆಯೂ ಇರುತ್ತದೆ. ಕೆಲಸ ಹುಡುಕಿಕೊಂಡು ಚೆನ್ನೈಗೆ ಮೊದಲ ಸಲ ಬಂದಿಳಿದ ದಿನವನ್ನು ಅಲ್ಲಿನ ಕೇಳುಗರು ನೆನೆಸಿಕೊಳ್ಳಲಿ. ಬಸ್ಸಿನ ಬೋರ್ಡು ಓದಲು ಬಾರದೆ, ಯಾರನ್ನು ಕೇಳುವುದೆಂದು ತಿಳಿಯದೆ ಚೀಲ ಅವುಚಿಕೊಂಡು ನಿಂತಿದ್ದಿರಲ್ಲ? ಬೆಕ್ಕು ಮಂಚದ ಕೆಳಗೆ ನುಗ್ಗಿ ಗೋಡೆಗೆ ಬೆನ್ನು ಹಚ್ಚುವುದೂ ಅದೇ ಕಾರಣಕ್ಕೆ. ಅದು ಹಟವಲ್ಲ, ಮುನಿಸೂ ಅಲ್ಲ. ಅದಕ್ಕೆ ಆ ಊರು ಇನ್ನೂ ಓದಲು ಬರುವುದಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ತಯಾರಿ ಎರಡು ಮೂರು ವಾರ ಮೊದಲೇ ಶುರುವಾಗಲಿ.

ಮೊದಲನೆಯದು ಬುಟ್ಟಿ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಒಮ್ಮೆ ಬಾಯಿಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು, ಕೃಷ್ಣದೇವರಾಯನ ಆಸ್ಥಾನದಲ್ಲಿ ಅದು ನಗೆಯ ಪ್ರಸಂಗವಾಯಿತು. ಕಥೆ ಹೇಳಿದವರಿಗೆ ಬೆಕ್ಕಿನ ಸ್ವಭಾವ ಚೆನ್ನಾಗಿ ತಿಳಿದಿತ್ತು. ನಮ್ಮ ಮನೆಗಳಲ್ಲಿ ಪ್ರಯಾಣದ ಬುಟ್ಟಿ ಅಟ್ಟದಿಂದ ಇಳಿಯುವುದು ಚುಚ್ಚುಮದ್ದಿನ ದಿನ ಮಾತ್ರ. ಬುಟ್ಟಿ ಕಂಡರೆ ಬೆಕ್ಕು ಮಾಯ! ಆದ್ದರಿಂದ ಈಗಲೇ ಬುಟ್ಟಿಯನ್ನು ಹಾಲ್‌ನ ಮೂಲೆಯಲ್ಲಿ ಬಾಗಿಲು ತೆರೆದು ಇಟ್ಟುಬಿಡಿ. ಒಳಗೆ ನಿಮ್ಮ ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ ಹಾಸಿ. ದಿನಕ್ಕೊಮ್ಮೆ ಅದರ ಇಷ್ಟದ ತಿಂಡಿಯನ್ನು ಒಳಗಿಡಿ. ಬಾಗಿಲು ಹಾಕಬೇಡಿ. ಕೆಲವು ದಿನಗಳಲ್ಲಿ ಅದು ಅಲ್ಲೇ ಮಲಗತೊಡಗಿದರೆ ಅರ್ಧ ಕೆಲಸ ಆದಂತೆ.

ಎರಡನೆಯದು ವೈದ್ಯರ ಭೇಟಿ. ರೇಬೀಸ್ ಮತ್ತಿತರ ಲಸಿಕೆ ಬಾಕಿಯಿದ್ದರೆ ಮುಗಿಸಿ. ಮೊದಲೇ ವಿಪರೀತ ಹೆದರುವ ಬೆಕ್ಕಾದರೆ ಪ್ರಯಾಣಕ್ಕೆ ಔಷಧ ಬೇಕೇ ಎಂದು ಅವರನ್ನೇ ಕೇಳಿ. ನಿಮ್ಮ ಮಾತ್ರೆ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ನಮಗೆ ಸಾಮಾನ್ಯವಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಪ್ರಾಣ ಹೋಗಲು. ಹಾಗೆಯೇ ಬೆಕ್ಕಿನ ಒಂದು ಸ್ಪಷ್ಟ ಫೋಟೋ ತೆಗೆದಿಟ್ಟುಕೊಳ್ಳಿ. ಕೊರಳಪಟ್ಟಿ ಒಗ್ಗುವುದಾದರೆ ಅದರ ಮೇಲೆ ನಿಮ್ಮ ಫೋನ್ ನಂಬರು ಇರಲಿ.

ಮೂರನೆಯದು ಮನೆಯವರೆಲ್ಲರಿಗೂ, ಅದರಲ್ಲೂ ಶುಚಿತ್ವದಲ್ಲಿ ಕಟ್ಟುನಿಟ್ಟಾದವರಿಗೆ. ಬೆಕ್ಕು ಮಲಗುವ ಹಾಸಿಗೆ, ಕಂಬಳಿ, ಉಗುರು ಮಸೆಯುವ ಗೋಣಿತಾಟು, ಯಾವುದನ್ನೂ ಹೊರಡುವ ಮುಂಚೆ ತೊಳೆಯಬೇಡಿ. "ಹೊಸ ಮನೆಗೆ ಹೋಗ್ತಾ ಇದ್ದೀವಿ, ಈ ಹೊಲಸು ಕಂಬಳಿ ಯಾಕೆ?" ಎಂದು ಯಾರಾದರೂ ಕೇಳಿದರೆ, ಹಳೆಯ ಮನೆಯಿಂದ ಬೆಕ್ಕು ತರಬಹುದಾದ ಆಸ್ತಿ ಅದೊಂದೇ ಎಂದು ಹೇಳಿ.

ಸಾಮಾನು ಸಾಗಿಸುವ ದಿನ ಬಾಗಿಲು ಹಾರು ಹೊಡೆದಿರುತ್ತದೆ, ಅಪರಿಚಿತರು ಒಳಗೂ ಹೊರಗೂ ಓಡಾಡುತ್ತಿರುತ್ತಾರೆ. ಬೆಕ್ಕುಗಳು ತಪ್ಪಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಬೆಳಿಗ್ಗೆಯೇ ಬೆಕ್ಕನ್ನು ಬುಟ್ಟಿ, ನೀರು, ಮಣ್ಣಿನ ತಟ್ಟೆಯ ಸಮೇತ ಬಚ್ಚಲುಮನೆಯಲ್ಲೋ ಖಾಲಿಯಾದ ಕೋಣೆಯಲ್ಲೋ ಇಟ್ಟು ಚಿಲಕ ಹಾಕಿ. ಬಾಗಿಲ ಮೇಲೆ "ಒಳಗೆ ಬೆಕ್ಕಿದೆ, ತೆರೆಯಬೇಡಿ" ಎಂಬ ಚೀಟಿ ಅಂಟಿಸಿ. ಕನ್ನಡಾಭಿಮಾನ ಇರಲಿ, ಆದರೆ ಈ ಚೀಟಿಯನ್ನು ಹಮಾಲರಿಗೆ ತಿಳಿಯುವ ಭಾಷೆಯಲ್ಲೂ ಬರೆಯಿರಿ! ಸಾಮಾನೆಲ್ಲ ಹೋದ ಮೇಲೆ ಕೊನೆಗೆ ಬೆಕ್ಕು ಹೊರಡಲಿ. ಹೊರಡುವ ಮುನ್ನ ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ, ವಾಂತಿಯಾಗುತ್ತದೆ. ಟೆಂಪೋದ ಹಿಂದೆ ಸಾಮಾನಿನ ಜೊತೆ ಎಂದೂ ಕಳಿಸಬೇಡಿ. ನಿಮ್ಮ ಜೊತೆ ಕಾರಿನಲ್ಲೋ ರಿಕ್ಷಾದಲ್ಲೋ ಬರಲಿ. ಬುಟ್ಟಿಯ ಮೇಲೆ ಗಾಳಿಯಾಡುವ ತೆಳು ಬಟ್ಟೆ ಹೊದಿಸಿದರೆ ಹೊರಗಿನ ಗದ್ದಲ ಕಾಣದೆ ಕೊಂಚ ಸಮಾಧಾನ. ದಾರಿಯಲ್ಲಿ ಎಷ್ಟೇ ಕೂಗಿದರೂ ಬುಟ್ಟಿಯ ಬಾಗಿಲು ತೆರೆಯಬೇಡಿ.

ಹೊಸ ಮನೆಗೆ ಬಂದ ಮೇಲೆ ಇಡೀ ಮನೆಯನ್ನು ಅದಕ್ಕೆ ಒಮ್ಮೆಲೇ ತೋರಿಸುವ ಉತ್ಸಾಹ ಬೇಡ. ಒಂದೇ ಕೋಣೆ ಕೊಡಿ. ಬಾಡಿಗೆಯ ಒಂದು ಬಿಎಚ್‌ಕೆಯಲ್ಲಿ ಇದು ಸುಲಭವಲ್ಲ, ನನಗೂ ಗೊತ್ತು. ಆದರೂ ಮಲಗುವ ಕೋಣೆ ಕೆಲವು ದಿನ ಅದರದಾಗಲಿ. ಒಂದು ಮೂಲೆಯಲ್ಲಿ ನೀರು ಮತ್ತು ಊಟ, ಎದುರು ಮೂಲೆಯಲ್ಲಿ ಮಲಮೂತ್ರದ ತಟ್ಟೆ. ಎರಡನ್ನೂ ಅಕ್ಕಪಕ್ಕ ಇಡಬೇಡಿ. ಬಚ್ಚಲಿನ ಪಕ್ಕ ಎಲೆ ಹಾಕಿದರೆ ನಾವು ಉಣ್ಣುತ್ತೇವೆಯೇ?

ಮೂರನೆಯದಾಗಿ ಬೇಕಾದದ್ದು ಒಂದು ಖಾಲಿ ರಟ್ಟಿನ ಪೆಟ್ಟಿಗೆ. ಸಾಮಾನು ಬಿಚ್ಚಿದ ಮನೆಯಲ್ಲಿ ಅದಕ್ಕೇನು ಬರವೇ? ಅದರ ಬೆಲೆ ಮಾತ್ರ ಕಡಿಮೆಯಲ್ಲ. ನೆದರ್‌ಲ್ಯಾಂಡ್ಸಿನ ಊಟ್ರೆಕ್ಟ್ ವಿಶ್ವವಿದ್ಯಾಲಯದವರು ಪ್ರಾಣಿ ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳನ್ನು ಗಮನಿಸಿ 2014ರಲ್ಲಿ ವರದಿ ಪ್ರಕಟಿಸಿದರು. 10 ಬೆಕ್ಕುಗಳಿಗೆ ಅಡಗಿಕೊಳ್ಳಲು ಪೆಟ್ಟಿಗೆ ಕೊಟ್ಟಿದ್ದರು, 9ಕ್ಕೆ ಕೊಟ್ಟಿರಲಿಲ್ಲ. ಮೂರು ನಾಲ್ಕನೆಯ ದಿನಕ್ಕೇ ಪೆಟ್ಟಿಗೆ ಇದ್ದವುಗಳ ಆತಂಕ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಇಲ್ಲದವು ಅದೇ ಮಟ್ಟಕ್ಕೆ ಬರಲು ಸುಮಾರು ಎರಡು ವಾರ ಹಿಡಿಯಿತು. ಅಡಗಿ ಕೂರುವುದು ಬೆಕ್ಕು ತಾನೇ ತನಗೆ ಮಾಡಿಕೊಳ್ಳುವ ಚಿಕಿತ್ಸೆ. ಆದ್ದರಿಂದ ಕಾಲು ಹಿಡಿದು ಎಳೆಯಬೇಡಿ, ಕೋಲಿನಿಂದ ತಿವಿಯಬೇಡಿ. "ಮಾಮಾ ಬಂದಿದ್ದಾರೆ, ಬೆಕ್ಕು ತೋರಿಸು" ಎಂದು ಮಕ್ಕಳನ್ನು ಮಂಚದಡಿಗೆ ತೂರಿಸಬೇಡಿ.

ಗೃಹಪ್ರವೇಶ ಮಾಡುವವರಿಗೆ ಒಂದು ಸೂಚನೆ. ಹಾಲುಕ್ಕಿಸಿ, ಹೋಮ ಮಾಡಿಸಿ, ನೆಂಟರಿಷ್ಟರನ್ನು ಕರೆಯಿರಿ, ಸಂತೋಷ. ಆ ದಿನ ಬೆಕ್ಕು ಹಳೆಯ ಮನೆಯಲ್ಲೇ ಇದ್ದರೆ ಒಳ್ಳೆಯದು. ಹೊಗೆ, ಜಾಗಟೆ, ನಲವತ್ತು ಜೋಡಿ ಚಪ್ಪಲಿ ಇವನ್ನು ಮೊದಲ ದಿನವೇ ಎದುರಿಸುವ ಬೆಕ್ಕಿಗೆ ಆ ಮನೆ ಸುರಕ್ಷಿತ ಎಂದು ನಂಬಿಸಲು ಆಮೇಲೆ ಬಹಳ ಶ್ರಮಪಡಬೇಕಾಗುತ್ತದೆ. ನೆಲ ಒರೆಸಲು ಫಿನಾಯಿಲ್ ಸುರಿಯುವುದೂ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೆ ವಿಷ ನೇರ ಹೊಟ್ಟೆಗೆ ಹೋಗುತ್ತದೆ.

ಕಿಟಕಿಗಳನ್ನು ಮಾತ್ರ ಮೊದಲ ದಿನವೇ ಪರೀಕ್ಷಿಸಿ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲಮೇಲೆ ನಿಲ್ಲುತ್ತದೆ, ಏನೂ ಆಗುವುದಿಲ್ಲ ಎಂಬ ನಂಬಿಕೆಯಿದೆ. ನ್ಯೂಯಾರ್ಕಿನ ಒಂದು ಪಶು ಆಸ್ಪತ್ರೆಗೆ ಐದೇ ತಿಂಗಳಲ್ಲಿ ಮಹಡಿಯಿಂದ ಬಿದ್ದ 132 ಬೆಕ್ಕುಗಳು ಬಂದವು ಎಂದು ವೈದ್ಯರು 1987ರಲ್ಲಿ ಬರೆದರು. ಚಿಕಿತ್ಸೆಯಿಂದ ನೂರಕ್ಕೆ 90ರಷ್ಟು ಬದುಕಿದವು ನಿಜ. ಆದರೆ ಎದೆಗೂಡಿಗೆ ಪೆಟ್ಟು, ಒಡೆದ ದವಡೆ, ಮುರಿದ ಕಾಲು ಸಾಮಾನ್ಯವಾಗಿದ್ದವು. ಹೊಸ ಮನೆಯಲ್ಲಿ ಬೆದರಿದ ಬೆಕ್ಕು ಹೊರದಾರಿ ಹುಡುಕುತ್ತಿರುತ್ತದೆ. ಗ್ರಿಲ್ಲಿನ ಸರಳುಗಳ ನಡುವೆ ಅದರ ತಲೆ ತೂರುವುದಾದರೆ ಮೈಯೂ ತೂರುತ್ತದೆ. ಪಾರಿವಾಳಕ್ಕೆ ಹಾಕುವ ಬಲೆಯನ್ನೇ ಬಿಗಿಯಾಗಿ ಕಟ್ಟಿಸಿ, ಅದು ಕೊಂಚ ಗಟ್ಟಿಯದಾಗಿರಲಿ.

ಇನ್ನು ನಮ್ಮ ಮನೆಯ ಉದಾಹರಣೆ ಹೇಳುತ್ತೇನೆ. ನಮ್ಮ ಬೆಕ್ಕಿನ ಹೆಸರು ಚಿನ್ನಿ. ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಹಾಲ್‌ನ ಸೋಫಾ ಹಿಂದೆ ಓಡುವ ಗಿರಾಕಿ. ಮನೆ ಬದಲಿಸಿದಾಗ ದಿವಾನದ ಕೆಳಗೆ ಹೋದದ್ದು ನಾಲ್ಕು ದಿನ ಹಗಲು ಹೊರಗೆ ಬರಲಿಲ್ಲ. ರಾತ್ರಿ ಎಲ್ಲ ಮಲಗಿದ ಮೇಲೆ ತಟ್ಟೆ ಖಾಲಿಯಾಗುತ್ತಿತ್ತು, ಮಣ್ಣು ಕೆದರಿರುತ್ತಿತ್ತು. ಅದೇ ನಮಗೆ ಧೈರ್ಯ. ನಾನು ಮಾರನೆಯ ದಿನ ಓದಬೇಕಾದ ನಿರೂಪಣೆಯ ಹಾಳೆ ಹಿಡಿದು ಅದೇ ಕೋಣೆಯ ನೆಲದ ಮೇಲೆ ಗೋಡೆಗೊರಗಿ ಕೂರುತ್ತಿದ್ದೆ. ದಿವಾನದ ಕಡೆ ನೋಡದೆ ಮೆಲುದನಿಯಲ್ಲಿ ಓದಿ ಅಭ್ಯಾಸ ಮಾಡುತ್ತಿದ್ದೆ. ಭಾವಗೀತೆಯ ಪರಿಚಯ, ಹವಾಮಾನ, ನಾಳಿನ ಕಾರ್ಯಕ್ರಮಗಳು, ಹೀಗೆ ಅರ್ಧ ಗಂಟೆ. ಐದನೆಯ ರಾತ್ರಿ ಹವಾಮಾನ ಮುಗಿಯುವಷ್ಟರಲ್ಲಿ ಚಿನ್ನಿ ಹಾಳೆಯ ತುದಿಗೆ ಗಲ್ಲ ಉಜ್ಜಿದಳು. ನಾನು ಮುಟ್ಟಲು ಹೋಗಲಿಲ್ಲ, ಓದು ಮುಂದುವರಿಸಿದೆ. ಉಳಿದ ಅರ್ಧ ಪುಟ ಅವಳ ಬಾಲದ ಕೆಳಗಿತ್ತು!

ಇದರಲ್ಲಿ ಪವಾಡವೇನಿಲ್ಲ. ಬೆಕ್ಕಿಗೆ ನಮ್ಮ ದನಿ ಗೊತ್ತು. ತನ್ನ ಹೆಸರೂ ಗೊತ್ತು. ಸಾಕಿದ ಬೆಕ್ಕುಗಳು ತಮ್ಮ ಹೆಸರನ್ನು ಅದೇ ಬಗೆಯ ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದು ಜಪಾನಿನ ಅತ್ಸುಕೊ ಸೈತೊ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದಾರೆ. ವಾಸನೆಗಳೆಲ್ಲ ಬದಲಾದ ಜಾಗದಲ್ಲಿ ಬದಲಾಗದೆ ಉಳಿದದ್ದು ನಿಮ್ಮ ದನಿ ಒಂದೇ. ಅದನ್ನು ಧಾರಾಳವಾಗಿ ಕೊಡಿ. ಪತ್ರಿಕೆ ಓದಿ, ಫೋನಿನಲ್ಲಿ ಊರಿನವರ ಜೊತೆ ಮಾತಾಡಿ, ಮಕ್ಕಳು ಅಲ್ಲೇ ಕುಳಿತು ಮಗ್ಗಿ ಹೇಳಲಿ. ಕಣ್ಣಿಗೆ ಕಣ್ಣು ನೆಟ್ಟು ದಿಟ್ಟಿಸಬೇಡಿ, ಬೆಕ್ಕುಗಳ ಲೋಕದಲ್ಲಿ ಅದು ಜಗಳದ ಆಹ್ವಾನ. ಬದಲಿಗೆ ಅದು ನಿಮ್ಮ ಕಡೆ ನೋಡಿದಾಗ ಕಣ್ಣನ್ನು ನಿಧಾನವಾಗಿ ಅರೆಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾಡಿದವರಿಗೆ ಬೆಕ್ಕುಗಳೂ ಅರೆಗಣ್ಣಿನಿಂದಲೇ ಉತ್ತರ ಕೊಟ್ಟವು. ಹಾಗೆ ಮಾಡಿದ ಅಪರಿಚಿತರ ಬಳಿಗೂ ಹೆಚ್ಚಾಗಿ ಬಂದವು. ಮನೆಯಲ್ಲಿ ಯಾರಾದರೂ ನೋಡಿ ನಕ್ಕರೆ ನಗಲಿ.

ಊಟ ಬದಲಿಸುವ ಕಾಲ ಇದಲ್ಲ. ಹಳೆಯ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಅದೇ ಹೊತ್ತಿಗೆ, ಅದೇ ತಟ್ಟೆಯಲ್ಲಿ ಕೊಡಿ. ಸಮಾಧಾನಕ್ಕೆಂದು ಬಟ್ಟಲು ತುಂಬ ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ ತಿಂದೇ ಬೆಳೆದ ಬೆಕ್ಕುಗಳಿವೆ. ಬೆಕ್ಕು ಮಾಂಸಾಹಾರಿ ಪ್ರಾಣಿ, ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮೊಸರನ್ನದಿಂದ ಸಾಕಷ್ಟು ಸಿಗುವುದಿಲ್ಲ. ಆ ಸುಧಾರಣೆಯನ್ನು ಬೆಕ್ಕು ಹೊಸ ಮನೆಗೆ ಒಗ್ಗಿದ ಮೇಲೆ ನಿಧಾನವಾಗಿ ಕೈಗೆತ್ತಿಕೊಳ್ಳಿ.

ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಹೆದರಿದ ಬೆಕ್ಕು ಮೊದಲ ದಿನ ಕಡಿಮೆ ತಿನ್ನುವುದು ಸಹಜ. ಪೂರ್ತಿ 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನು ಮಾಡಿ. ಬೆಕ್ಕು ನಮ್ಮ ಹಾಗೆ ಉಪವಾಸ ಮಾಡುವ ಪ್ರಾಣಿಯಲ್ಲ. ಎರಡು ಮೂರು ದಿನ ಹೊಟ್ಟೆ ಖಾಲಿಯಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದು ಕೆಡತೊಡಗಬಹುದು. ದಪ್ಪ ಬೆಕ್ಕಿಗೆ ಈ ಅಪಾಯ ಹೆಚ್ಚು. ಎರಡನೆಯ ಅಪಾಯ ಗಂಡುಬೆಕ್ಕಿಗೆ. ಆತಂಕದಿಂದ ಮೂತ್ರಕೋಶ ಉರಿಗೊಂಡು ಮೂತ್ರನಾಳ ಕಟ್ಟಿಕೊಳ್ಳಬಹುದು. ಮತ್ತೆ ಮತ್ತೆ ತಟ್ಟೆಗೆ ಹೋಗಿ ತಿಣುಕುತ್ತದೆ, ಕೂಗುತ್ತದೆ, ಹನಿ ಮೂತ್ರವೂ ಬರುವುದಿಲ್ಲ. ಮಲಬದ್ಧತೆ ಇರಬೇಕು, ನಾಳೆ ನೋಡೋಣ ಎನ್ನಬೇಡಿ. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಿ, ಒಂದೆರಡು ದಿನದೊಳಗೆ ಪ್ರಾಣ ಹೋಗುವ ಸ್ಥಿತಿ ಅದು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೂ ಹಾಗೆಯೇ. ಆದ್ದರಿಂದ ಹೊಸ ಬಡಾವಣೆಗೆ ಬಂದೊಡನೆ ಕಿರಾಣಿ ಅಂಗಡಿ ಎಲ್ಲಿ ಎಂದು ಕೇಳುವಾಗಲೇ ಪಶುವೈದ್ಯರು ಎಲ್ಲಿ ಎಂದೂ ಕೇಳಿಟ್ಟುಕೊಳ್ಳಿ. ಮುಂಬಯಿಯವರಿಗೆ ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಯಿದೆ, ಟ್ಯಾಕ್ಸಿಯವರಿಗೆ "ಬೈಲ್ ಘೋಡಾ ಆಸ್ಪತ್ರೆ" ಎಂದರೆ ಥಟ್ಟನೆ ತಿಳಿಯುತ್ತದೆ. ಚೆನ್ನೈಯವರಿಗೆ ವೇಪೇರಿಯಲ್ಲಿ 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಿದೆ.

ಬೆಕ್ಕು ಆ ಒಂದು ಕೋಣೆಯಲ್ಲಿ ಹಗಲಲ್ಲೂ ಓಡಾಡಿ, ಮೈ ನೆಕ್ಕಿಕೊಂಡು, ಅಂಗಾತ ಮಲಗತೊಡಗಿದ ಮೇಲೆ ಬಾಗಿಲು ತೆರೆಯಿರಿ. ನೀವು ಎತ್ತಿಕೊಂಡು ಹೋಗಿ ಹಾಲ್‌ನಲ್ಲಿ ಇಳಿಸಬೇಡಿ. ತಾನಾಗಿ ಹೊಸಿಲು ದಾಟಲಿ, ಹೆದರಿದರೆ ಹಿಂತಿರುಗಿ ಓಡಲು ದಾರಿ ತೆರೆದಿರಲಿ. ಒಂದು ಸಣ್ಣ ಉಪಾಯವಿದೆ. ತೆಳು ಹತ್ತಿ ಬಟ್ಟೆಯಿಂದ ಅದರ ಕೆನ್ನೆಯನ್ನು ಮೆಲ್ಲಗೆ ಸವರಿ, ಆ ಬಟ್ಟೆಯನ್ನು ಹಾಲ್‌ನ ಬಾಗಿಲು, ಕುರ್ಚಿ, ಮೇಜುಗಳಿಗೆ ಬೆಕ್ಕಿನ ಎತ್ತರದಲ್ಲಿ ಒರೆಸಿ. ಅದು ಹೊರಬಂದಾಗ ತನ್ನದೇ ಗುರುತು ಅಲ್ಲಿ ಮೊದಲೇ ಕಾದಿರುತ್ತದೆ. ಒಗ್ಗಲು ಕೆಲವಕ್ಕೆ ನಾಲ್ಕು ದಿನ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ನಡುವೆ ಮೂಲೆಯಲ್ಲಿ ಒಂದೆರಡು ಸಲ ಉಚ್ಚೆ ಹೊಯ್ದರೆ ಬಯ್ಯಬೇಡಿ, ಮೂಗು ಹಿಡಿದು ಅದರಲ್ಲಿ ಉಜ್ಜಬೇಡಿ. ಹೆದರಿದ್ದಕ್ಕೆ ಇನ್ನಷ್ಟು ಹೆದರಿಕೆ ಸೇರಿದಂತಾಗುತ್ತದೆ.

ಇಷ್ಟಾಗಿಯೂ ಬೆಕ್ಕು ಹೊರಗೆ ನುಸುಳಿತು ಎಂದಿಟ್ಟುಕೊಳ್ಳಿ. ಗಾಬರಿಯಾಗಿ ಊರೆಲ್ಲ ಅಲೆಯಬೇಡಿ. ಕಳೆದು ಸಿಕ್ಕ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ 75 ಬೆಕ್ಕುಗಳು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನ ಒಳಗೇ ಸಿಕ್ಕಿದ್ದವು. ಹೆದರಿದ ಬೆಕ್ಕು ಹತ್ತಿರದಲ್ಲೇ ಉಸಿರು ಬಿಗಿಹಿಡಿದು ಕೂತಿರುತ್ತದೆ, ಕರೆದರೂ ಓಗೊಡುವುದಿಲ್ಲ. ಮೆಟ್ಟಿಲ ಕೆಳಗೆ, ನೀರಿನ ಪಂಪಿನ ಕೋಣೆ, ಮೀಟರ್ ಪೆಟ್ಟಿಗೆಯ ಹಿಂದೆ, ನಿಂತ ಕಾರುಗಳ ಅಡಿ, ಇವನ್ನೆಲ್ಲ ಟಾರ್ಚ್ ಬಿಟ್ಟು ನೋಡಿ. ರಾತ್ರಿ ಗದ್ದಲ ಅಡಗಿದ ಮೇಲೆ ಮತ್ತೆ ಹೋಗಿ, ಅದರ ಹೆಸರು ಹಿಡಿದು ಸಮಾಧಾನದ ದನಿಯಲ್ಲಿ ಕರೆಯಿರಿ. ಬೆಳಕಿಗೆ ಎರಡು ಕಣ್ಣು ಮಿನುಗಿದರೆ ಅಲ್ಲೇ ಕುಳಿತುಕೊಳ್ಳಿ, ಮೇಲೆ ಬೀಳಬೇಡಿ.

"ನಮ್ಮ ಸೊಸೈಟಿಯಲ್ಲಿ ಸಾಕುಪ್ರಾಣಿ ಬೇಡ ಅಂತಾರೆ" ಎನ್ನುವವರೂ ಇದ್ದೀರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘವು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಆದರೆ ಮನೆ ಮಾಲೀಕರ ಜೊತೆಗಿನ ಕರಾರಿನ ಮಾತು ಬೇರೆ. ಮುಂಗಡ ಕೊಡುವ ಮುಂಚೆಯೇ "ನಮ್ಮ ಜೊತೆ ಒಂದು ಬೆಕ್ಕಿದೆ" ಎಂದು ಹೇಳಿ, ಒಪ್ಪಿದರೆ ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಬುಟ್ಟಿಯಲ್ಲಿ ಮುಚ್ಚಿಟ್ಟು ಒಳತಂದ ಬೆಕ್ಕು ಆರು ತಿಂಗಳಲ್ಲಿ ಬಾಲ್ಕನಿಯಲ್ಲಿ ಕಾಣಿಸಿಕೊಳ್ಳದೆ ಇರುವುದಿಲ್ಲ. ಆಗ ಮತ್ತೆ ಮನೆ ಹುಡುಕಬೇಕು, ಬೆಕ್ಕಿಗೆ ಮತ್ತೆ ಅದೇ ಕಷ್ಟ.

ವಿದೇಶಕ್ಕೆ ಹೊರಟವರಿಗೆ, ಮನೆಯಲ್ಲಿ ಕಾಯಿಲೆ ಇರುವವರಿಗೆ ಬೆಕ್ಕನ್ನು ಕರೆದೊಯ್ಯಲು ನಿಜವಾಗಿಯೂ ಆಗದಿರಬಹುದು. ಅವರಲ್ಲಿ ನನ್ನ ಬೇಡಿಕೆ ಇಷ್ಟೇ. ಕಟ್ಟಡಕ್ಕೆ ಬಿಟ್ಟು ಹೋಗಬೇಡಿ, ಒಬ್ಬ ಮನುಷ್ಯನ ಕೈಗೆ ಒಪ್ಪಿಸಿ ಹೋಗಿ. ತಿಂಗಳು ಮುಂಚೆಯೇ ಗೆಳೆಯರಲ್ಲಿ, ಸಂಬಂಧಿಕರಲ್ಲಿ, ಕನ್ನಡ ಸಂಘದಲ್ಲಿ ಕೇಳಿ. ಕೊಡುವಾಗ ಅದರ ತೊಳೆಯದ ಕಂಬಳಿ, ತಟ್ಟೆ, ಲಸಿಕೆಯ ಚೀಟಿ ಕೊಡಿ. ಯಾವ ಹೆಸರಿಗೆ ಓಗೊಡುತ್ತದೆ ಎಂಬುದನ್ನೂ ಮರೆಯದೆ ಹೇಳಿ. ಮರಾಠಿ ಮನೆಯಲ್ಲೂ ಅದು ಕೆಲವು ದಿನ ಕನ್ನಡದ ಹೆಸರಿಗೇ ಕಿವಿ ನಿಮಿರಿಸುತ್ತದೆ.

ಈ ತಿಂಗಳು ಮನೆ ಬದಲಿಸುವವರು ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಅಟ್ಟದ ಮೇಲಿರುವ ಬುಟ್ಟಿಯನ್ನು ಇಳಿಸಿ, ಧೂಳು ಕೊಡವಿ, ಬಾಗಿಲು ತೆರೆದು ಹಾಲ್‌ನ ಮೂಲೆಯಲ್ಲಿ ಇಡಿ. ಬೆಕ್ಕು ದೂರದಿಂದ ನೋಡಿ ಮುಖ ತಿರುಗಿಸಬಹುದು. ತಿರುಗಿಸಲಿ, ಇನ್ನೂ ಸಮಯವಿದೆ.

 ಹೊಸ ಮನೆ ನಿಮಗೂ ನಿಮ್ಮ ಬೆಕ್ಕಿಗೂ ಒಗ್ಗಲಿ. ನಮಸ್ಕಾರ.